ಉಪ್ಪಿಲ್ಲದ ದರ್ಯಾ

ಮಗುವಿಗೆ ಹೆಸರಿಡುವಾಗ ತಂದೆತಾಯಿ ಸ್ವಲ್ಪ ಹಿಂದುಮುಂದು ನೋಡಬೇಕು. ಮಚ್ಚೇಂದ್ರನ ತಂದೆತಾಯಿ ನೋಡಲಿಲ್ಲ. ಮಚ್ಚೇಂದ್ರ ಎಂದರೆ ಮೀನುಗಳ ಒಡೆಯ ಎಂದು ತಿಳಿದವರು ಹೇಳುತ್ತಾರೆ. ಈ ಒಡೆಯನಿಗೆ ನೀರು ಕಂಡರೆ ಕೈಕಾಲು ನಡುಗುತ್ತಿದ್ದವು. ಸ್ನಾನಕ್ಕೆ ಕೂತರೆ ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು ಇನ್ನೊಂದು ಕೈಯಿಂದ ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದ. ಬಾವಿಯ ಪಕ್ಕ ಹಾಯಬೇಕಾದರೆ ಎದುರಿನ ಗೋಡೆಗೆ ಬೆನ್ನು ಹಚ್ಚಿಕೊಂಡು ಅಡ್ಡಡ್ಡ ಸರಿಯುತ್ತಿದ್ದ. ಅವನ ಕಸುಬಾದರೋ ಬೆಂಕಿಯದು. ಕಲ್ಯಾಣದ ಪೇಟೆಯಲ್ಲಿ, ಆಗಿನ್ನೂ ಊರಿನ ಹೆಸರಿಗೆ ಬಸವಣ್ಣ ಬಂದು ಸೇರಿರಲಿಲ್ಲ, ಮದುವೆಗೆ, ಉರುಸಿಗೆ, ಭಜನೆಗೆ ಗ್ಯಾಸ್‌ಬತ್ತಿಗಳನ್ನು ಬಾಡಿಗೆಗೆ ಕೊಡುವ ಸಣ್ಣ ಅಂಗಡಿ ಅವನದು. ಬತ್ತಿಗೆ ಗಾಳಿ ಹೊಡೆದು ಉರಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅದೊಂದನ್ನು ಬಿಟ್ಟರೆ ಅವನನ್ನು ಮೀರಿಸದವರೂ ಇರಲಿಲ್ಲ.

ಅವನ ಅತ್ತೆಯ ಮನೆ ಹುಮನಾಬಾದಿನಲ್ಲಿ. ಅತ್ತೆ ಜಿಜಾಬಾಯಿಗೆ ಇಬ್ಬರು ಹೆಣ್ಣುಮಕ್ಕಳು, ಆದ್ದರಿಂದ ಇಬ್ಬರು ಅಳಿಯಂದಿರು. ಹಿರಿಯ ಮಗಳು ಸುಗಂಧಾಳ ಗಂಡ ನರಸಿಂಗ ಹುಮನಾಬಾದಿನಲ್ಲೇ ತೊಗರಿ ವ್ಯಾಪಾರಿ. ಮೈಮೇಲೆ ಕೋಟು, ಕೈಗೆ ಗಡಿಯಾರ, ಬಾಯಿಗೆ ಬಿಡುವಿಲ್ಲ. ಜಿಜಾಬಾಯಿಯ ತವರು ಮರಾಠಿ ಸೀಮೆಯದು. ಆ ಸೀಮೆಯ ಮರ್ಯಾದೆಯಂತೆ ನರಸಿಂಗನನ್ನು "ಜಾವಯಿಬಾಪು" ಎಂದು ಬಾಯಿತುಂಬ ಕರೆಯುತ್ತಿದ್ದಳು. ಅಳಿಯದೇವರು ಎಂದ ಹಾಗೆ. ಕಿರಿಯ ಮಗಳು ಮೀರಾಬಾಯಿಯ ಗಂಡ ಮಚ್ಚೇಂದ್ರನನ್ನು "ಏ ಬತ್ತಿ" ಎಂದು ಕರೆಯುತ್ತಿದ್ದಳು.

ಮಚ್ಚೇಂದ್ರನಿಗೆ ಇದರಿಂದ ಅಂಥ ನೋವೇನಿರಲಿಲ್ಲ. ಬತ್ತಿ ಎಂದರೆ ಬತ್ತಿಯೇ, ಊಟ ಹಾಕುತ್ತಾಳಲ್ಲ ಎಂದು ಸುಮ್ಮನಿರುತ್ತಿದ್ದ. ನೋವಿದ್ದದ್ದು ಮೀರಾಬಾಯಿಗೆ. ತವರಿನಲ್ಲಿ "ಏ ಬತ್ತಿ" ಎಂಬ ಕೂಗು ಕೇಳಿದಾಗಲೆಲ್ಲ ಒಲೆಯ ಮುಂದೆ ಅವಳು ಬಡಿಯುತ್ತಿದ್ದ ರೊಟ್ಟಿ ಹರಿಯುತ್ತಿತ್ತು. ತಿರುಗಿ ಬರುವಾಗ ನಡುದಾರಿಯ ಊರು ರಾಜೇಶ್ವರ ದಾಟುವತನಕ ಗಂಡನ ಜೊತೆ ಒಂದು ಮಾತೂ ಆಡುತ್ತಿರಲಿಲ್ಲ. ಹೆಂಡತಿಯ ಆ ಮೌನಕ್ಕೆ ಮಚ್ಚೇಂದ್ರ ನೀರಿಗಿಂತ ಹೆಚ್ಚು ಹೆದರುತ್ತಿದ್ದ.

ನವಾಬರ ಆಳ್ವಿಕೆ ಹೋಗಿ ಹೊಸ ಸರಕಾರ ಬಂದ ಮರುವರ್ಷದ ನಾಗರಪಂಚಮಿ. ಹೆಣ್ಣುಮಕ್ಕಳಿಬ್ಬರೂ ತವರಿಗೆ ಬಂದಿದ್ದರು. ಮಚ್ಚೇಂದ್ರನ ಜೊತೆ ಅವನ ಗೆಳೆಯ, ಪಕ್ಕದ ಅಂಗಡಿಯ ಸೈಫುದ್ದೀನನೂ ಬಂದಿದ್ದ. ಸೈಫುದ್ದೀನ್ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವನು. ಹಬ್ಬದ ಪಾತ್ರೆಗಳಿಗೆ ಕಲಾಯಿ ಆಗಬೇಕೆಂದು ಜಿಜಾಬಾಯಿಯೇ ಹೇಳಿಕಳಿಸಿದ್ದಳು. ಅವನು ಅಂಗಳದಲ್ಲಿ ತಿದಿ ಒತ್ತುತ್ತಾ ಕೂತಿದ್ದ. ಒಳಗೆ ಪಡಸಾಲೆಯಲ್ಲಿ ನರಸಿಂಗ ತನ್ನ ಮುಂಬೈ ಯಾತ್ರೆಯ ಕಥೆ ಹೇಳುತ್ತಿದ್ದ.

"ದರ್ಯಾ ಅಂದ್ರ ಏನಂತ ತಿಳಿದೀರಿ ಅತ್ತಿ? ಎರಡು ಕಣ್ಣು ಸಾಲಂಗಿಲ್ರಿ. ಚೌಪಾಟಿ ಮ್ಯಾಗ ನಿಂತ್ರ ಮುಂದ ನೀರು, ನೀರಿನ ಹಿಂದ ನೀರು, ಅದರ ಹಿಂದ ಅರಬಸ್ಥಾನ. ನಾ ಎದಿಮಟ ನೀರಾಗ ಹೋಗಿ ನಿಂತೆ. ತೆರಿ ಬಂತು. ಎದಿ ಕೊಟ್ಟೆ. ತೆರೀನೇ ಹಿಂದಕ್ಕ ಸರೀತು!"

"ನೋಡ್ರೆವ್ವಾ, ಗಂಡಸಂದ್ರ ಇವರು," ಎಂದಳು ಜಿಜಾಬಾಯಿ. ಆಮೇಲೆ ಮೂಲೆಯಲ್ಲಿ ಕಡಬು ತಿನ್ನುತ್ತಿದ್ದ ಕಿರಿಯ ಅಳಿಯನ ಕಡೆ ತಿರುಗಿದಳು. "ಏ ಬತ್ತಿ, ನಿನ್ನ ಜಲ್ಮದಾಗ ದರ್ಯಾ ಕಂಡೀ ಏನೋ?"

ಮಚ್ಚೇಂದ್ರನ ಬಾಯಲ್ಲಿ ಕಡಬಿತ್ತು. ಉತ್ತರ ಅಂಗಳದಿಂದ ಬಂತು.

"ಯಾಕ ಕಂಡಿಲ್ರಿ ಜಿಜಾವ್ವಾ?" ತಿದಿ ಬಿಟ್ಟು ಎದ್ದು ನಿಂತಿದ್ದ ಸೈಫುದ್ದೀನ್. ಗೆಳೆಯನ ಅವಮಾನ ಅವನಿಗೆ ಸಹನೆಯಾಗಲಿಲ್ಲ. "ನಮ್ಮ ಮಚ್ಚೇಂದ್ರ ದರ್ಯಾದಾಗ ಬಿದ್ದು ಎದ್ದು ಬಂದ ಗಂಡಸು ಅದಾನ! ನಾ ಸ್ವತಾ ಕಣ್ಣಿಲೆ ನೋಡೀನಿ. ಒಂದು ಕೈಯಾಗ ಉರಿಯೋ ಗ್ಯಾಸ್‌ಬತ್ತಿ ಹಿಡಿದಿದ್ದ. ಬತ್ತಿ ಆರ್ಲಿಲ್ಲ, ಗಾಜು ಒಡೀಲಿಲ್ಲ. ಖುದಾ ಕಸಮ್!"

ಸೈಫುದ್ದೀನ್ ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಆದರೆ ಅವನ ಮನೆಮಾತು ಉರ್ದು, ಉರ್ದುವಿನಲ್ಲಿ ದರ್ಯಾ ಎಂದರೆ ಹೊಳೆ. ಜಿಜಾಬಾಯಿಯ ತವರುಮಾತು ಮರಾಠಿ, ಮರಾಠಿಯಲ್ಲಿ ದರ್ಯಾ ಎಂದರೆ ಸಮುದ್ರ. ಎರಡು ವರ್ಷದ ಹಿಂದೆ ಹುಲಸೂರದಾಚೆ ಒಂದು ಮದುವೆಗೆ ಬತ್ತಿ ಒಯ್ಯುವಾಗ ಮಾಂಜ್ರಾ ಹೊಳೆಯಲ್ಲಿ ಎತ್ತಿನಗಾಡಿ ವಾಲಿ ಮಚ್ಚೇಂದ್ರ ಕೆಳಗೆ ಬಿದ್ದದ್ದು ನಿಜ. ನೀರು ಸೊಂಟದಷ್ಟಿತ್ತು. ಒಂದು ಕೈಯಲ್ಲಿ ಬತ್ತಿ, ಇನ್ನೊಂದರಲ್ಲಿ ಎತ್ತಿನ ಬಾಲ ಹಿಡಿದು, ಕಣ್ಣು ಮುಚ್ಚಿಕೊಂಡು ಅವನು ದಂಡೆ ಸೇರಿದ್ದ. ಅಂಗಳದಲ್ಲಿ ಹೊಳೆಯಾಗಿ ಹೊರಟ ಮಾತು ಹೊಸ್ತಿಲು ದಾಟಿ ಪಡಸಾಲೆಗೆ ಬರುವಷ್ಟರಲ್ಲಿ ಸಮುದ್ರವಾಗಿತ್ತು.

"ದರ್ಯಾದಾಗ? ಉರಿಯೋ ಬತ್ತಿ ಹಿಡಕೊಂಡು?" ಜಿಜಾಬಾಯಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ ನಮ್ಮವ್ವಾ!"

ಮಚ್ಚೇಂದ್ರ ಕಡಬು ನುಂಗಿ, "ಅತ್ತಿ, ಅದು ಏನಂದ್ರ..." ಎಂದು ಬಾಯಿ ತೆಗೆದ. ಅಷ್ಟರಲ್ಲಿ ಮೀರಾಬಾಯಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಕೈಯೆಲ್ಲ ಹಿಟ್ಟು. ಅವಳು ಗಂಡನನ್ನು ನೋಡಿದ ನೋಟ ಎಂಟು ವರ್ಷದ ಸಂಸಾರದಲ್ಲಿ ಮಚ್ಚೇಂದ್ರ ಕಂಡದ್ದಲ್ಲ. ಅಷ್ಟು ಬೆಳಕು ಅವನ ಯಾವ ಬತ್ತಿಯಲ್ಲೂ ಇರಲಿಲ್ಲ. ಅವನು ಬಾಯಿ ಮುಚ್ಚಿದ.

"ಮೀರಾ, ನಿನ್ನ ಗಂಡಗ ತುಪ್ಪ ಹಾಕು," ಎಂದಳು ಜಿಜಾಬಾಯಿ. ಆ ಮನೆಯಲ್ಲಿ ಮಚ್ಚೇಂದ್ರನ ತಾಟು ತುಪ್ಪ ಕಂಡದ್ದು ಅದೇ ಮೊದಲು. ಅವನು ತಿಂದ. ತಪ್ಪಾದದ್ದು ಅಲ್ಲೇ. ಸತ್ಯ ಹೇಳುವುದಿದ್ದರೆ ತುಪ್ಪಕ್ಕೆ ಮೊದಲು ಹೇಳಬೇಕು.

ಜಿಜಾಬಾಯಿ ಅಷ್ಟಕ್ಕೇ ನಿಲ್ಲಿಸುವ ಹೆಂಗಸಲ್ಲ. "ನೂಲ ಹುಣ್ಣಿಮಿ ದಿನ ದರ್ಯಾಕ್ಕ ತೆಂಗಿನಕಾಯಿ ಒಗೀತಾರ. ನನ್ನ ತವರಾಗ ಕೇಳಿ ಬೆಳದೀನಿ, ಕಣ್ಣಿಲೆ ಕಂಡಿಲ್ಲ. ಸಾಯೋದ್ರಾಗ ಒಮ್ಮಿ ನೀರಾಗ ಇಳೀಬೇಕು ನಾ. ಈ ಹುಣ್ಣಿಮಿಗೆ ಎಲ್ಲಾರೂ ಹೋಗೂಣು. ನರಸಿಂಗ ಜಾವಯಿಬಾಪು ದಾರಿ ತೋರಸ್ಲಿ, ಮಚ್ಚೇಂದ್ರ ಕೈ ಹಿಡಿದು ಇಳಸ್ಲಿ. ನನ್ನ ಸ್ನಾನ ಸುಸೂತ್ರ ಆತಂದ್ರ ಆವತ್ತಿನಿಂದ ಇವನೂ ನನಗ ಜಾವಯಿಬಾಪುನೇ. ಆಗ್ಲಿಲ್ಲಂದ್ರ ಬತ್ತಿ ಬತ್ತಿನೇ."

ಮಚ್ಚೇಂದ್ರನ ಮುಖ ಬಿಳಿಚಿತು. ಯಾಕೋ ನರಸಿಂಗನ ಮುಖವೂ ಬಿಳಿಚಿತು. ಹೊಟ್ಟೆಕಿಚ್ಚು ಎಂದು ಎಲ್ಲರೂ ತಿಳಿದುಕೊಂಡರು.

ಆ ದಿನ ತಿರುಗಿ ಬರುವಾಗ ಮೀರಾಬಾಯಿ ರಾಜೇಶ್ವರ ಬರುವ ಮೊದಲೂ ಮಾತಾಡಿದಳು, ಬಂದಮೇಲೂ ಮಾತಾಡಿದಳು. "ಎಂಟು ವರ್ಷ ಆತು, ನನಗೊಂದು ಮಾತು ಹೇಳ್ಲಿಲ್ಲ ನೋಡ್ರಿ ನೀವು. ದೊಡ್ಡವರು ಹಿಂಗೇ ಇರ್ತಾರ ಅನ್ನು," ಎಂದಳು. ಇಂಥ ಹೆಂಡತಿಗೆ ಎತ್ತಿನ ಬಾಲದ ವಿಷಯ ಹೇಳಲು ಕಲ್ಲುಹೃದಯ ಬೇಕು. ಮಚ್ಚೇಂದ್ರನದು ಅಂಥದ್ದಾಗಿರಲಿಲ್ಲ.

ಮರುದಿನ ಬೆಳಗಾಗುವುದರಲ್ಲಿ ಕಲ್ಯಾಣದಲ್ಲಿ ಸುದ್ದಿ ಹಬ್ಬಿತು. ಹಬ್ಬಿಸಿದವಳು ಮೀರಾಬಾಯಿ, ಕೊಡ ಹೊತ್ತು ನೀರಿಗೆ ಹೋದಲ್ಲಿ. ನೆರೆಮನೆಯ ಅಸ್ಗರಿ ಬಂದು, "ಭಾಯೀ, ನಮ್ಮ ಅಮ್ಮಾಗ ಕಿವಿ ಸೋರ್ತದ, ಬರೋವಾಗ ಔಷಧಕ್ಕ ಒಂದೀಟು ಸಮುದ್ರನೊರೆ ತರ್ರಿ," ಎಂದಳು. ಭಜನೆಯವರು ಶಂಖ ಕೇಳಿದರು. ಗರಡಿಯ ಹುಡುಗರು ಬಂದು ಅವನ ತೋಳು ಮುಟ್ಟಿ ನೋಡಿ, ಇಷ್ಟು ಸಣ್ಣ ತೋಳಿನಲ್ಲಿ ಸಮುದ್ರ ಈಜುವುದೆಂದರೆ ಏನೋ ಮಂತ್ರವಿರಬೇಕು ಎಂದು ತೀರ್ಮಾನಿಸಿದರು. ಇನ್ನೊಬ್ಬರು, ಅವನ ಹೆಸರೇ ಮಚ್ಚೇಂದ್ರ ಅಲ್ಲವೇ, ಹುಟ್ಟಾ ಬಂದ ವಿದ್ಯೆ, ಎಂದರು. ಇಷ್ಟು ವರ್ಷ ಹೆಸರು ಅವನನ್ನು ಹಾಸ್ಯ ಮಾಡುತ್ತಿತ್ತು. ಈಗ ಸಾಕ್ಷಿ ಹೇಳತೊಡಗಿತು.

ಮೂರನೆಯ ದಿನ ತಹಸೀಲ ಕಚೇರಿಯ ಜವಾನ ಮೊಹಿನುದ್ದೀನ್ ಬಂದು ಅಂಗಡಿಯ ಮುಂದೆ ನಿಂತ. "ಪೇಶ್ಕಾರ್ ಸಾಹೇಬ್ರು ಕರದಾರ. ಈಗಿಂದೀಗ."

ಕಚೇರಿಯ ದಫ್ತರು ನೋಡಿಕೊಳ್ಳುವ ಪೇಶ್ಕಾರ್ ಜಹೀರುದ್ದೀನ್ ಸಾಹೇಬರು ಹಿಂದಿನ ಬಾವಿಕಟ್ಟೆಯ ಮೇಲೆ ಕೂತಿದ್ದರು. ಕಚೇರಿಯ ಮೇಲಿನ ಬಾವುಟ ಬದಲಾಗಿತ್ತು, ಒಳಗಿನ ಕುರ್ಚಿ ಬದಲಾಗಿರಲಿಲ್ಲ. ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಈಚೆಗೆ ನಿದ್ದೆ ಸರಿಯಾಗಿ ಹತ್ತುತ್ತಿರಲಿಲ್ಲ.

"ಬರ್ರಿ ಮಚ್ಚೇಂದ್ರ ಮಿಯಾ. ಭಾಳ ತಾರೀಫ್ ಕೇಳೀನಿ ನಿಮ್ದು. ಹೊಸ ತಹಸೀಲ್ದಾರ್ ಸಾಹೇಬ್ರು ಬರಾಕತ್ತಾರ. ಕಚೇರಿ ಸಾಮಾನು ಒಂದೊಂದೂ ನೋಡ್ತಾರಂತ. ಸರಕಾರಿ ತಾಮ್ರದ ಕೊಡ ಈ ಬಾವ್ಯಾಗ ಬಿದ್ದದ. ನಿಮಗೇನು, ಐದು ಮಿನೀಟಿನ ಕೆಲಸ. ಇಳೀರಿ."

ಮಚ್ಚೇಂದ್ರ ಬಾವಿಯೊಳಗೆ ಇಣುಕಿದ. ಹಸಿರು ನೀರು ಅವನನ್ನೇ ನೋಡುತ್ತಿತ್ತು. ಬಾವಿಯ ಆಚೆ ಬದಿಗೆ ನೀರು ಸೇದಲು ಬಂದ ಹೆಂಗಸರು ಕೊಡ ಕೆಳಗಿಟ್ಟು ತಮಾಷೆ ನೋಡಲು ನಿಂತಿದ್ದರು. ಅವರ ನಡುವೆ ಮೀರಾಬಾಯಿ, ಸೆರಗು ಸರಿಮಾಡಿಕೊಂಡು, ಎಲ್ಲರಿಗಿಂತ ಮುಂದೆ.

"ಬರಂಗಿಲ್ರಿ ಸಾಹೇಬ್ರ," ಎಂದ ಮಚ್ಚೇಂದ್ರ.

"ಏನು ಬರಂಗಿಲ್ಲ?"

ಇಲ್ಲಿ ಮಚ್ಚೇಂದ್ರ ಹೆಂಡತಿಯ ಮುಖ ನೋಡಿದ. ನೋಡಬಾರದಿತ್ತು. "ಸಿಹಿನೀರಾಗ ಬರಂಗಿಲ್ರಿ. ನಂದು ಉಪ್ಪನೀರಿನ ಈಜು. ಉಪ್ಪಿದ್ರ ಮನಷ್ಯಾಗ ನೀರು ಮ್ಯಾಗ ಎತ್ತತದ. ಸಿಹಿನೀರು ಎತ್ತಂಗಿಲ್ರಿ."

ಪೇಶ್ಕಾರರು ಹುಬ್ಬುಗಂಟಿಕ್ಕಿದರು. "ನೀವು ಈಜಿದ್ದು ದರ್ಯಾದಾಗಲ್ಲ? ದರ್ಯಾ ಎಲ್ಲಿ ಉಪ್ಪಿರ್ತದ ಮಿಯಾ? ದರ್ಯಾ ಮೀಠಾ. ಉಪ್ಪಿರೋದು ಸಮುಂದರ್."

ಸತ್ಯದ ಬಾಗಿಲನ್ನು ದೇವರು ಮನುಷ್ಯನಿಗೆ ಒಮ್ಮೆಯಾದರೂ ತಾನೇ ತೆಗೆದು ಕೊಡುತ್ತಾನೆ. ಹೌದ್ರಿ, ಅದು ಬರೇ ಮಾಂಜ್ರಾ ಹೊಳಿ, ಎಂದಿದ್ದರೆ ಮುಗಿಯುತ್ತಿತ್ತು. ಮಚ್ಚೇಂದ್ರ ಆ ಬಾಗಿಲನ್ನು ನೋಡಿದ, ಹೆಂಡತಿಯನ್ನು ನೋಡಿದ, "ಅದೇ ರೀ, ಸಮುಂದರ್ ದರ್ಯಾ," ಎಂದ. ಅಲ್ಲಿಯತನಕ ಸುಳ್ಳು ತಾನೇ ತಾನಾಗಿ ಬೆಳೆದಿತ್ತು. ಇದೊಂದು ಮಾತ್ರ ಅವನ ಸ್ವಂತ ಸಂಪಾದನೆ.

"ಉಪ್ಪು ಬೇಕು, ಅಷ್ಟೇ ಅಲ್ಲ?" ಎಂದರು ಪೇಶ್ಕಾರರು. "ಏ ಮೊಹಿನುದ್ದೀನ್! ಬಜಾರಕ್ಕ ಹೋಗು. ಒಂದು ಚೀಲ ಉಪ್ಪು ತಾ."

ಉಪ್ಪು ಬಂತು, ಬಾವಿಗೆ ಬಿತ್ತು. ಮಚ್ಚೇಂದ್ರ ಸೇದಿದ ನೀರನ್ನು ಒಂದು ಬೊಗಸೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಯೋಚಿಸಿ, "ಇನ್ನೂ ಸಪ್ಪಗ ಅದರಿ," ಎಂದ. ಇನ್ನೊಂದು ಚೀಲ ಬಂತು. ಸಂಜೆಗೆ ಕಚೇರಿಯ ಚಹಾ ಒಡೆಯಿತು. ಟಪಾಲಿನ ಕುದುರೆ ನೀರು ಮೂಸಿ ನೋಡಿ ಪೇಶ್ಕಾರರ ಕಡೆ ತಿರುಗಿ ಕೆನೆಯಿತು. ಬಜಾರದಲ್ಲಿ ಉಪ್ಪು ಮುಗಿದು ಉಪ್ಪಿನಕಾಯಿ ಹಾಕಲು ಕೂತ ಹೆಂಗಸರು ಕಚೇರಿಗೆ ಬಂದು ಜಗಳ ತೆಗೆದರು. ಕೊನೆಗೆ ಪೇಶ್ಕಾರರೇ ಸೋತು, "ನೀವು ಸಮುಂದರಕ್ಕ ಹೋಗಿ ಬರ್ರಿ ಮಿಯಾ. ಅಷ್ಟ್ರಾಗ ಉಪ್ಪು ಛಲೋ ಕರಗಿರ್ತದ," ಎಂದು ಕಳಿಸಿದರು.

ಮಚ್ಚೇಂದ್ರನಿಗೆ ಉಳಿದ ದಾರಿ ಒಂದೇ: ಹುಣ್ಣಿಮೆಯೊಳಗೆ ಈಜು ಕಲಿಯುವುದು. ಸೈಫುದ್ದೀನನಿಗೆ ಹೇಳಿದ. ಯಾಕೆ, ಎತ್ತ ಎಂದು ಕೇಳದೆ ಆ ಪುಣ್ಯಾತ್ಮ ಎರಡು ಚಿಮಣಿ ಎಣ್ಣೆಯ ಡಬ್ಬಿಗಳ ಬಾಯಿಗೆ ಬೆಸುಗೆ ಹಾಕಿ, ಬೆನ್ನಿಗೆ ಕಟ್ಟಿ, ಊರ ಕೆರೆಗೆ ಇಳಿಸಿದ. ಡಬ್ಬಿಗಳು ಚೆನ್ನಾಗಿ ತೇಲಿದವು. ಅವುಗಳ ಕೆಳಗೆ ಮಚ್ಚೇಂದ್ರ ಮುಖ ನೀರಿನೊಳಗೂ ಕಾಲು ಗಾಳಿಯಲ್ಲೂ ಇಟ್ಟುಕೊಂಡು ಜೋತಾಡುತ್ತಿದ್ದ. ಸೈಫುದ್ದೀನ್ ಅವನನ್ನು ದಂಡೆಗೆ ಎಳೆದು ಹಾಕಿ, "ಡಬ್ಬಿ ಕಲ್ತಾವ. ನೀ ಕಲೀಬೇಕು," ಎಂದ.

ಕಲಿಯುವ ಮಾತು ಬಿಟ್ಟು ಮಚ್ಚೇಂದ್ರ ಹೋಗುವ ಮಾತನ್ನೇ ತಪ್ಪಿಸಲು ನೋಡಿದ. ಗಾಡಿ ಸಿಗದಿದ್ದರೆ ಯಾತ್ರೆಯೇ ಇಲ್ಲ. "ದರ್ಯಾಕ್ಕ ಹೋಗೋದಂದ್ರ ಯಾವ ಲಾರಿ ಸಿಗ್ತದ ಮಾರಾಯಾ? ಸಿಗಂಗಿಲ್ಲ ಬಿಡು," ಎಂದು ಸೈಫುದ್ದೀನನ ಮುಂದೆ ನಿಟ್ಟುಸಿರು ಬಿಟ್ಟ.

"ಯಾಕ ಸಿಗಂಗಿಲ್ಲ? ನಮ್ಮ ಗುಲಾಮ್ ರಸೂಲ್ ಉಸುಕು ತರಾಕ ದರ್ಯಾಕ್ಕೇ ಹೋಗ್ತಾನ. ಹುಣ್ಣಿಮಿ ದಿನ ಎಲ್ಲಾರನೂ ಹತ್ತಿಸಿಕೋ ಅಂತ ಹೇಳ್ತೀನಿ. ನೀ ಫಿಕರ್ ಮಾಡಬ್ಯಾಡ," ಎಂದ ಸೈಫುದ್ದೀನ್.

ಸಮುದ್ರದ ದಂಡೆಯಲ್ಲೂ ಉಸುಕಿರುತ್ತದೆ ಎಂದು ಮಚ್ಚೇಂದ್ರ ಕೇಳಿದ್ದ. ಕಲ್ಯಾಣದ ಮನೆ ಕಟ್ಟಲು ಮುಂಬೈಯಿಂದ ಉಸುಕು ಯಾಕೆ ತರಬೇಕು ಎಂದು ಕೇಳುವ ಬುದ್ಧಿ ಆ ಹೊತ್ತಿನಲ್ಲಿ ಅವನಿಗೆ ಉಳಿದಿರಲಿಲ್ಲ.

ಹುಣ್ಣಿಮೆಯ ಬೆಳಗ್ಗೆ ಹುಮನಾಬಾದಿನ ಬಳಗ ಕಲ್ಯಾಣದಲ್ಲಿ ಇಳಿಯಿತು. ಜಿಜಾಬಾಯಿಯ ಕೈಯಲ್ಲಿ ತೆಂಗಿನಕಾಯಿ, ಸುಗಂಧಾಳ ತಲೆಯ ಮೇಲೆ ದೂರದ ದಾರಿಗೆಂದು ಕಟಕಟಿ ರೊಟ್ಟಿ, ಶೇಂಗಾ ಹಿಂಡಿಯ ಗಂಟು. ನರಸಿಂಗ ಕೋಟು ಹಾಕಿಕೊಂಡಿದ್ದ, ಆದರೆ ಅವನ ಬಾಯಿಗೆ ಅಂದು ಬಿಡುವು ಸಿಕ್ಕಿತ್ತು. "ಅತ್ತಿ, ಮಳಿ ಭಾಳ ಅದ. ಮುಂದಿನ ವರ್ಷ ಹೋಗೂಣೇನು?" ಎಂದು ಎರಡು ಸಲ ಕೇಳಿದ. "ಹೌದ್ರಿ, ಮುಂದಿನ ವರ್ಷ ಛಲೋ," ಎಂದು ಮಚ್ಚೇಂದ್ರ ಎರಡು ಸಲವೂ ದನಿಗೂಡಿಸಿದ. ಷಡ್ಡಕರಿಬ್ಬರೂ ಒಂದು ಮಾತಿಗೆ ಬಂದದ್ದು ಅದೇ ಮೊದಲು. ಜಿಜಾಬಾಯಿ ಇಬ್ಬರನ್ನೂ ಲಾರಿಗೆ ಹತ್ತಿಸಿದಳು. ಅಸ್ಗರಿ ಸಮುದ್ರನೊರೆಯನ್ನು ಮತ್ತೆ ನೆನಪಿಸಿದಳು. ಪೇಶ್ಕಾರರು ಕಚೇರಿಯ ಬಾಗಿಲಲ್ಲಿ ನಿಂತು ಕೈ ಬೀಸಿದರು.

ಜಿಟಿಜಿಟಿ ಮಳೆ. ಮೇಲೆ ತಾಡಪತ್ರಿ ಹೊದಿಸಿದ್ದರಿಂದ ದಾರಿ ಕಾಣುತ್ತಿರಲಿಲ್ಲ. ಮಚ್ಚೇಂದ್ರ ಡಬ್ಬಿಗಳನ್ನು ಅಪ್ಪಿಕೊಂಡು ಕೂತು, ಮುಂಬೈ ಎಷ್ಟು ದೂರವಿದ್ದರೂ ಇನ್ನೂ ಸ್ವಲ್ಪ ದೂರವಿರಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತ. ಜಿಜಾಬಾಯಿ ಮೊದಮೊದಲು ಮಾತಾಡುತ್ತಿದ್ದಳು. ಎಲ್ಲೋ ಒಂದು ಕಡೆ ಲಾರಿ ತಿರುಗಿ ಕಚ್ಚಾ ರಸ್ತೆಗೆ ಇಳಿಯಿತು. ಆಮೇಲೆ ಅವಳು ಮೂಗು ಅರಳಿಸಿ ಗಾಳಿ ಎಳೆದುಕೊಂಡು ಸುಮ್ಮನೆ ಕೂತಳು.

ರೊಟ್ಟಿಯ ಗಂಟು ಬಿಚ್ಚುವ ಮೊದಲೇ ಲಾರಿ ನಿಂತಿತು. "ಇಳೀರಿ ಇಳೀರಿ! ದರ್ಯಾ ಬಂತು!" ಎಂದು ಗುಲಾಮ್ ರಸೂಲ್ ಕೂಗಿ, ತಾಡಪತ್ರಿ ಸರಿಸಿ, ಉಸುಕಿನ ಗುಡ್ಡೆಯ ಕಡೆ ನಡೆದ.

"ಇಷ್ಟ ಲಗೂ?" ಎಂದಳು ಸುಗಂಧಾ. "ನೀವು ಎರಡು ದಿನದ ದಾರಿ ಅಂದಿದ್ರಿ?"

"ನಾ ರೈಲಿನ್ಯಾಗ ಹೋಗಿದ್ದೆ," ಎಂದ ನರಸಿಂಗ. "ರೈಲು ಸುತ್ತು ಹಾಕ್ತದ."

ಮುಂದೆ ಕೆನ್ನೀರು, ಮಳೆಯ ಮಬ್ಬಿನಲ್ಲಿ ಆಚೆ ದಂಡೆ ಕಾಣದು. ಮಚ್ಚೇಂದ್ರ ನೋಡಿದ. ಇದೇ ಇಳಿಜಾರು, ಇದೇ ಜಾಲಿಯ ಗಿಡ. ಎರಡು ವರ್ಷದ ಹಿಂದೆ ಎತ್ತಿನ ಬಾಲ ಹಿಡಿದುಕೊಂಡು ಅವನು ದಂಡೆ ಹತ್ತಿದ್ದು ಇಲ್ಲೇ. ಪೇಶ್ಕಾರರ ಮಾತು ನೆನಪಾಗಿ, ದರ್ಯಾ ಎಂದರೆ ಏನು, ಯಾರ ಬಾಯಲ್ಲಿ ಏನು ಎಂಬುದು ಅವನಿಗೆ ಆ ಕ್ಷಣದಲ್ಲಿ ಹೊಳೆದುಹೋಯಿತು. ಸಮುದ್ರ ಕಂಡ ನರಸಿಂಗ ಈಗ ಬಾಯಿ ಬಿಡುತ್ತಾನೆ, ಇದು ಸಮುದ್ರವಲ್ಲ ಎನ್ನುತ್ತಾನೆ, ಅಲ್ಲಿಗೆ ತನ್ನ ಕಥೆ ಮುಗಿಯಿತು ಎಂದುಕೊಂಡು ಅವನು ಷಡ್ಡಕನ ಬಾಯಿಯನ್ನೇ ನೋಡುತ್ತಾ ನಿಂತ.

ನರಸಿಂಗ ನೀರನ್ನು ನೋಡಿದ. ಅತ್ತೆಯನ್ನು ನೋಡಿದ. ಕೋಟಿನ ಕಾಲರು ಸರಿಮಾಡಿಕೊಂಡು, "ಥೇಟ್ ಚೌಪಾಟಿ!" ಎಂದ.

ಮಚ್ಚೇಂದ್ರನಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ.

ಜಿಜಾಬಾಯಿ ಬಗ್ಗಿ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡಳು. "ಉಪ್ಪಿಲ್ಲಲ್ಲ ಜಾವಯಿಬಾಪು?"

"ಮಳಿಗಾಲ ಅಲ್ರಿ ಅತ್ತಿ. ಮ್ಯಾಗಿನ ಉಪ್ಪು ತೊಳಕೊಂಡು ಹೋಗಿರ್ತದ. ತೆಳಗ ಇರ್ತದ."

ಅಷ್ಟರಲ್ಲಿ ಮಳೆ ನಿಂತಿತು. ಮಬ್ಬು ಹರಿದು, ಬಿಸಿಲು ಬಿದ್ದು, ಎದುರಿಗೆ ಹಸಿರು ದಂಡೆ, ಒಂದು ದೊಡ್ಡ ಹುಣಸೆಮರ ಚೊಕ್ಕವಾಗಿ ಕಂಡವು. ಎಲ್ಲರೂ ನರಸಿಂಗನ ಕಡೆ ತಿರುಗಿದರು. ಅವನು ಅಧೀರನಾಗಲಿಲ್ಲ. "ನಾ ಹೇಳಿದ್ನಲ್ಲ? ಅದೇ ಅರಬಸ್ಥಾನ."

"ಅರಬಸ್ಥಾನದಾಗ ಯಾರೋ ಎಮ್ಮಿ ಮೈ ತಿಕ್ಕಾಕತ್ತಾರಲ್ರಿ?" ಎಂದಳು ಮೀರಾಬಾಯಿ.

"ಅಲ್ಲಿ ಒಂಟಿಗೆ ಹಂಗೇ ಅಂತಾರ."

ಜಿಜಾಬಾಯಿ ಸೀರೆಯ ಕಚ್ಚೆ ಬಿಗಿದಳು. ತೆಂಗಿನಕಾಯಿಯನ್ನು ಮೀರಾಬಾಯಿಯ ಕೈಗೆ ಕೊಟ್ಟಳು. ಮಚ್ಚೇಂದ್ರ ಡಬ್ಬಿಯ ಹಗ್ಗ ಬಿಚ್ಚುತ್ತಿದ್ದಂತೆ ಅವಳು ಬದಿಯ ಬಂಡೆಯನ್ನೇರಿ, ಅರವತ್ತರ ಆ ಮುದುಕಿ, ಧಡ್ ಎಂದು ಮಡುವಿನೊಳಗೆ ಜಿಗಿದುಬಿಟ್ಟಳು.

ನೀರು ಬಾಯಿ ತೆರೆದು ಮುಚ್ಚಿಕೊಂಡಿತು. ಅವಳು ಮೇಲೆ ಬರಲಿಲ್ಲ.

"ಎವ್ವಾ!" ಎಂದು ಸುಗಂಧಾ ಚೀರಿದಳು. ಮೀರಾಬಾಯಿಯ ಕೈಯಿಂದ ಕಾಯಿ ಜಾರಿತು. ನರಸಿಂಗ ಬಂಡೆಯತನಕ ಓಡಿ, ನಿಂತು, "ನಾ ಜಿಗೀತಿದ್ದೆ! ಕೋಟಿನ ಗುಂಡಿ ಬಿಚ್ಚಾಕ ಬರವಲ್ವು!" ಎಂದು ಕೂಗಿದ. ಗುಂಡಿಗಳೆಲ್ಲ ಬಿಚ್ಚಿಯೇ ಇದ್ದವು.

ಮಚ್ಚೇಂದ್ರ ಯೋಚನೆ ಮಾಡಲಿಲ್ಲ. ಮಾಡಿದ್ದರೆ ಡಬ್ಬಿಗಳನ್ನಾದರೂ ಕಟ್ಟಿಕೊಳ್ಳುತ್ತಿದ್ದ. ಅವು ದಂಡೆಯ ಮೇಲೆ ಉಳಿದವು. ಅವನು ಒಂದು ಕೈಯಿಂದ ಮೂಗು ಹಿಡಿದುಕೊಂಡು ಮಡುವಿಗೆ ಹಾರಿದ. ಆಮೇಲೆ ಅವನಿಗೆ ಗೊತ್ತಾದದ್ದು ಇಷ್ಟೇ: ನೀರು ಕೆಂಪಗಿದೆ, ಬಹಳ ಇದೆ, ಇದರಲ್ಲಿ ಎತ್ತು ಇಲ್ಲ. ಮೂರು ಸಲ ನೀರು ಕುಡಿದ. ನಾಲ್ಕನೆಯ ಸಲ ಕುಡಿಯುವಾಗ ಯಾರೋ ಅವನ ಕೂದಲು ಹಿಡಿದು ದರದರ ಎಳೆದರು.

ದಂಡೆಯ ಮೇಲೆ ಬೋರಲು ಬಿದ್ದು ಕುಡಿದದ್ದೆಲ್ಲ ಕಕ್ಕಿದ ಮೇಲೆ ಕಣ್ಣು ತೆರೆದರೆ, ಜಿಜಾಬಾಯಿ ಅವನ ಬೆನ್ನಿಗೆ ಗುದ್ದುತ್ತಾ ಕೂತಿದ್ದಳು. ಉಸಿರು ಕೂಡ ಏರಿರಲಿಲ್ಲ ಅವಳಿಗೆ.

"ಈಜಾಕ ಬರಂಗಿಲ್ಲಲ್ಲೋ ನಿಂಗ!"

"ಬರಂಗಿಲ್ಲ ಅತ್ತಿ."

"ಮತ್ತ ಯಾಕ ಜಿಗಿದೀ?"

"ನೀವು ಮ್ಯಾಗ ಬರ್ಲಿಲ್ಲ," ಎಂದ ಮಚ್ಚೇಂದ್ರ. ಸತ್ಯ ಒಂದು ಬಾಯಿಂದ ಹೊರಬಂದದ್ದೇ ತಡ ಉಳಿದದ್ದೂ ಹಿಂದೆಯೇ ಬಂತು. "ಅತ್ತಿ, ಇದು ಸಮುದ್ರ ಅಲ್ರಿ. ಮಾಂಜ್ರಾ ಹೊಳಿ. ಸೈಫುದ್ದೀನ್ ದರ್ಯಾ ಅಂದಿದ್ದು ಇದಕ್ಕ. ಆವತ್ತು ನಾ ಎತ್ತಿನ ಬಾಲ ಹಿಡಕೊಂಡಿದ್ದೆ. ತುಪ್ಪ ಹಾಕಿದ್ರಿ, ಬಾಯಿ ಬರ್ಲಿಲ್ಲ ನಂಗ." ಹೇಳುವಾಗ ಅವನು ಅತ್ತೆಯನ್ನು ನೋಡುತ್ತಿರಲಿಲ್ಲ, ಹೆಂಡತಿಯನ್ನು ನೋಡುತ್ತಿದ್ದ. ಮೀರಾಬಾಯಿ ಅಳುತ್ತಿದ್ದಳು. ಯಾವುದಕ್ಕೆ ಎಂದು ಅವನಿಗೆ ತಿಳಿಯಲಿಲ್ಲ.

"ಮಾಂಜ್ರಾ ಅಂತ ನನಗ ಹೇಳ್ತಿ ಏನೋ?" ಎಂದಳು ಜಿಜಾಬಾಯಿ. "ನಾ ಹುಟ್ಟಿದ ಹೊಳಿ ಇದು. ಆ ಹುಣಸೀ ಗಿಡದ ಹಿಂದ ನಮ್ಮಪ್ಪನ ಮನಿ. ಈ ಹುಡುಗ್ಯಾರು ಕೂಸಿದ್ದಾಗ ಬಂದಿದ್ದು, ಗುರುತು ಹತ್ತಿಲ್ಲ. ಲಾರಿ ಹುಲಸೂರ ದಾಟಿದಾಗೇ ಮಣ್ಣಿನ ವಾಸನಿ ಬಂತು. ಸಣ್ಣಾಕಿ ಇದ್ದಾಗ ಈ ಬಂಡಿ ಮ್ಯಾಗಿಂದ ಹಾರಿದ್ರ ತಳದ ಮಣ್ಣು ಹಿಡಕೊಂಡು ಮ್ಯಾಗ ಬರ್ತಿದ್ದೆ ನಾ. ಲಗ್ನ ಆದಮ್ಯಾಗ ತವರಿಗೆ ಬಂದ್ರ ಕೊಡ ತುಂಬಿಕೊಂಡು ಹೋಗೋದಷ್ಟೇ. ಮಕ್ಕಳ ತಾಯಿ ಈಜ್ತಾಳೇನು ಅಂತ ನಗ್ತಾರಂತ ಇಳೀಲೇ ಇಲ್ಲ. ಇವತ್ತ ಇಳದೀನಿ. ಮ್ಯಾಗ ಬರಾಕ ಮನಸಾಗ್ಲಿಲ್ಲ, ಒಂದೀಟು ಕೂತಿದ್ದೆ ತಳದಾಗ. ಅಷ್ಟ್ರಾಗ ನೀ ಬಂದು ಬಿದ್ದಿ, ನನ್ನ ತಲಿ ಮ್ಯಾಗ."

ಹೀಗೆಂದು ಅವಳು ಎದ್ದು ಹಿರಿಯ ಅಳಿಯನ ಕಡೆ ತಿರುಗಿದಳು. "ಜಾವಯಿಬಾಪು, ಆ ಒಂಟಿ ತಿಕ್ಕಾಕತ್ತಾಂವ ನಮ್ಮಣ್ಣ. ಅರಬಸ್ಥಾನಕ್ಕ ಯಾವಾಗ ಹೋದಾ, ಒಂದು ಮಾತು ಕೇಳಿ ಬರ್ತೀರೇನು?"

ನರಸಿಂಗ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ. "ಸೊಲ್ಲಾಪುರತನಕ ಹೋಗಿದ್ದೆ ಅತ್ತಿ," ಎಂದ. "ಅಲ್ಲಿ ಒಂದು ಚಹಾದ ಅಂಗಡಿ ಗೋಡಿ ಮ್ಯಾಗ ದರ್ಯಾದ ಚಿತ್ರ ಇತ್ತು. ಭಾಳ ಛಲೋ ಇತ್ರಿ."

ಜಿಜಾಬಾಯಿ ನಕ್ಕಳು. ಅವಳು ನಕ್ಕ ಮೇಲೆ ಉಳಿದವರಿಗೂ ನಗಲು ಅಪ್ಪಣೆಯಾಯಿತು. ಕೆಸರಲ್ಲಿ ಬಿದ್ದಿದ್ದ ಕಾಯಿ ತೊಳೆದು ಹೊಳೆಗೇ ಒಗೆದರು. ಹೊಳೆ ಹೋಗುವುದೂ ಸಮುದ್ರಕ್ಕೇ ಅಲ್ಲವೇ, ಅದೇ ಮುಟ್ಟಿಸಲಿ ಎಂದಳು ಜಿಜಾಬಾಯಿ. ಆಚೆ ದಂಡೆಯಿಂದ ಅಣ್ಣ ಬಂದ. ದೂರದ ದಾರಿಗೆ ಕಟ್ಟಿದ್ದ ರೊಟ್ಟಿ ಒಂದೇ ಊಟಕ್ಕೆ ಮುಗಿಯಿತು. ಮೀರಾಬಾಯಿ ಮೊಣಕಾಲಷ್ಟು ನೀರಿನಲ್ಲಿ ಗಂಡನ ಕೈ ಹಿಡಿದು ನಿಂತಳು. ಯಾರು ಯಾರನ್ನು ಹಿಡಿದಿದ್ದರು ಎಂದು ಹೇಳುವುದು ಕಷ್ಟ.

"ಸಿಟ್ಟು ಬಂತೇನು?" ಎಂದು ಮಚ್ಚೇಂದ್ರ ಮೆಲ್ಲಗೆ ಕೇಳಿದ.

"ಬಂದದ. ಡಬ್ಬಿ ಬಿಟ್ಟು ಜಿಗಿದ್ರಲ್ಲ, ಅದಕ್ಕ," ಎಂದಳು ಅವಳು. ಕೈ ಬಿಡಲಿಲ್ಲ.

ಆ ರಾತ್ರಿ ಅಣ್ಣನ ಮನೆಯಲ್ಲಿ ಉಳಿದು ಮರುದಿನ ಕಲ್ಯಾಣದಲ್ಲಿ ಇಳಿದಾಗ ಪೇಶ್ಕಾರ್ ಸಾಹೇಬರು ಬಾವಿಕಟ್ಟೆಯ ಮೇಲೆ ಕಾಯುತ್ತಿದ್ದರು. ಜಿಜಾಬಾಯಿ ವಿಷಯ ಕೇಳಿ, ಕಚ್ಚೆ ಬಿಗಿದು, ಬಾವಿಗಿಳಿದು, ಸರಕಾರಿ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಮೇಲೆ ಬಂದಳು. ಬಂದವಳೇ ಥೂ ಎಂದು ಉಗುಳಿ, "ಯಾವ ಶಾಣ್ಯಾ ಬಾವ್ಯಾಗ ಉಪ್ಪು ಸುರುವ್ಯಾನ?" ಎಂದು ಕೇಳಿದಳು. ಪೇಶ್ಕಾರರು ಮಚ್ಚೇಂದ್ರನ ಮುಖ ನೋಡಿದರು. ಮಚ್ಚೇಂದ್ರ ಆಕಾಶ ನೋಡಿದ. ಮೊಹಿನುದ್ದೀನ್ ಮಾತ್ರ ನಡೆದದ್ದನ್ನೆಲ್ಲ ಬಿಡದೆ ಹೇಳಿದ.

ಮುಂದಿನ ಹಬ್ಬಕ್ಕೆ ಹುಮನಾಬಾದಿಗೆ ಹೋದಾಗ ಮಚ್ಚೇಂದ್ರ ರೂಢಿಯಂತೆ ಮೂಲೆಗೆ ಹೋಗಿ ಕೂತ. ಜಿಜಾಬಾಯಿ ಬಂದು ನಿಂತು, "ಅಲ್ಲಲ್ಲ. ಇಲ್ಲಿ ಬರ್ರಿ," ಎಂದು ಪಡಸಾಲೆಯ ನಡುವೆ ನರಸಿಂಗನ ಪಕ್ಕದಲ್ಲಿ ಮಣೆ ಹಾಕಿಸಿದಳು. ಮಚ್ಚೇಂದ್ರ ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನೋ ಕರೆಯುತ್ತಿದ್ದಾಳೆಂದು. ಹಿಂದೆ ಯಾರೂ ಇರಲಿಲ್ಲ.

ಬಡಿಸಿದರು. ಮಚ್ಚೇಂದ್ರ ಸಾರಿಗೆ ಬೆರಳದ್ದಿ ಬಾಯಿಗಿಟ್ಟು ಉಪ್ಪಿನ ಬಟ್ಟಲು ಎಲ್ಲಿದೆ ಎಂದು ಅತ್ತಿತ್ತ ನೋಡಿದ. ಅದು ಜಿಜಾಬಾಯಿಯ ಕಣ್ಣು ತಪ್ಪಲಿಲ್ಲ.

"ಮೀರಾ, ಉಪ್ಪು ತಾ," ಎಂದು ಅವಳು ಇಡೀ ಓಣಿಗೆ ಕೇಳುವಂತೆ ಕೂಗಿದಳು. "ಕೈ ಬಿಚ್ಚಿ ಹಾಕು. ಸಪ್ಪಗಾದ್ರ ನಮ್ಮ ಜಾವಯಿಬಾಪು ಮುಳಗ್ತಾರ!"

ಮೀರಾಬಾಯಿ ನಗುತ್ತಾ ಬಂದು ಕೈ ಬಿಚ್ಚಿ ಹಾಕಿದಳು. ಸಾರು ಬಾಯಿಗಿಡಲಾಗದಷ್ಟು ಉಪ್ಪಾಯಿತು. ಮಚ್ಚೇಂದ್ರ ಅದನ್ನು ಸುರಿದು ಸುರಿದು ಉಂಡ, ಮತ್ತೊಮ್ಮೆ ಹಾಕಿಸಿಕೊಂಡೂ ಉಂಡ.